ವಿಭೂತಿ ಹಚ್ಚಿದ ಡಿಕ್ಷನರಿ

ಮೊಮ್ಮಗಳು ದಡ್ಡಿಯಲ್ಲ, ನನ್ನ ಮಗ ತಂದ ಡಿಕ್ಷನರಿಯೇ ತಪ್ಪಾಗಿತ್ತು. ಮೆಟ್ರಿಕ್ಕಿನ ಇಂಗ್ಲಿಷಿನಲ್ಲಿ ಅವಳು ಫೇಲಾದ ಸಂಜೆ ಅವನು, “ಅಷ್ಟು ದಪ್ಪ ಬುಕ್ ತಂದಕೊಟ್ರೂ ತಲಿಗೆ ಹತ್ತಲಿಲ್ಲ. ಸಾಲಿ ಸಾಕು, ಗುರುಗುಂಟಾದ ವರಕ್ಕ ಹ್ಞೂಂ ಅಂತೀನಿ” ಎಂದು ಎದ್ದು ನಿಂತ.

“ಅಪ್ಪಾ, ಅದರಾಗ ಅರ್ಥನೂ ಇಂಗ್ಲಿಷ್‌ನಾಗ ಐತಿ. ಆ ಅರ್ಥಕ್ಕ ಅರ್ಥ ಯಾರನ್ನ ಕೇಳ್ಲಿ?” ಹುಡುಗಿ ಅತ್ತಳು.

ಪುಸ್ತಕ ತೆರೆದು ನೋಡಿದೆ. ಕನ್ನಡದ ಒಂದಕ್ಷರವೂ ಇರಲಿಲ್ಲ. “ಕುಂದ್ರಲೇ. ನಾಳಿ ನಾ ಸಿಂಧನೂರಿಗೆ ಹೋಗಿ ಬರೋತನಾ ಯಾರಿಗೂ ಹ್ಞೂಂ ಅನಬ್ಯಾಡ” ಎಂದು ಮಗನಿಗೆ ಹೇಳಿದೆ.

ಬೆಳಿಗ್ಗೆ ಆ ಡಿಕ್ಷನರಿ ಹಿಡಿದುಕೊಂಡು ಮೊದಲ ಬಸ್ಸಿಗೆ ಹೋದೆ. ಮನೆಗೆ ತಂದ ದಿನವೇ ಪೂಜೆ ಮಾಡಿ ವಿಭೂತಿ ಹಚ್ಚಿದ್ದ ಪುಸ್ತಕವನ್ನು ಅಂಗಡಿಯವ ವಾಪಸು ತೆಗೆದುಕೊಳ್ಳಲಿಲ್ಲ. ಕನ್ನಡದಲ್ಲಿ ಅರ್ಥ ಕೊಟ್ಟ ಇನ್ನೊಂದನ್ನು ಅಲ್ಲೇ ನಿಂತು ನಾನೇ ಓದಿ ನೋಡಿ ಕೊಂಡೆ. ಮನೆಗೆ ಬಂದು ದಪ್ಪದ್ದನ್ನು ದೇವರ ಜಗಲಿಯ ಮೇಲಿಟ್ಟೆ, ಸಣ್ಣದನ್ನು ಮೊಮ್ಮಗಳ ಕೈಗೆ ಕೊಟ್ಟೆ.