ನೀಲಕ್ಕನ ಬಸವ

1983ರ ಬೇಸಿಗೆಯ ಒಂದು ಬೆಳಿಗ್ಗೆ, ಮದರಾಸಿನ ಕೀಲ್ಪಾಕ್‌ನಲ್ಲಿ ನಾವಿದ್ದ ವಠಾರದ ಕೈಪಂಪಿನ ಬಳಿಯಿಂದ ಒಂದು ಯಂತ್ರ ಕೊಡ ನೀರು ಹೊತ್ತು ತಾನಾಗಿಯೇ ಹೊರಟಿತು. ಮನೆ ತಲುಪಲಿಲ್ಲ. ಅದನ್ನು ಮಾಡಿದವರು ನೀಲಕ್ಕ.

ನೀಲಕ್ಕ ಧಾರವಾಡದ ಕಡೆಯವರು, ವಿಮಾ ಕಚೇರಿಯಲ್ಲಿ ಗುಮಾಸ್ತೆ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದರು. ಚಿಕ್ಕಂದಿನ ಪೋಲಿಯೋದಿಂದ ಎಡಗಾಲು ಸೋತಿತ್ತು. ಊರುಗೋಲು ಹಿಡಿದು ನಡೆಯುತ್ತಿದ್ದರು. ತುರುಬಿನಲ್ಲಿ ಹೂವಿನ ಜೊತೆ ಸಣ್ಣದೊಂದು ಸ್ಕ್ರೂಡ್ರೈವರ್ ಇರುತ್ತಿತ್ತು. ವಠಾರದ ರೇಡಿಯೊ, ಇಸ್ತ್ರಿಪೆಟ್ಟಿಗೆ ಕೆಟ್ಟರೆ ಅವರ ಬಳಿಗೇ ಹೋಗಬೇಕು. ಯಾರಾದರೂ ರೇಡಿಯೊದ ತಲೆಗೆ ಕುಟ್ಟಿದರೆ ಕೈ ಹಿಡಿಯುತ್ತಿದ್ದರು. "ಮೊದಲು ಯಾಕ ನಿಂತದ ಕೇಳೂಣು. ಬಡಿಯೂದು ಆಮ್ಯಾಲೆ."

ಆ ವರ್ಷ ನಲ್ಲಿಯಲ್ಲಿ ನೀರಿರಲಿಲ್ಲ. ಪಂಪಿನ ಮುಂದೆ ಪ್ಲಾಸ್ಟಿಕ್ ಕೊಡಗಳ ಸಾಲು. ನೀಲಕ್ಕನ ಕೊಡವನ್ನು ದಿನಾ ಯಾರಾದರೊಬ್ಬರು ಹೊತ್ತು ಮನೆಗೆ ತಂದಿಡುತ್ತಿದ್ದರು. ಸಾಲು ನೋಡಿಕೊಳ್ಳುತ್ತಿದ್ದ ಮನೆಯೊಡತಿ ಕಾಮಾಕ್ಷಿ ಮಾಮಿ ಆಗೆಲ್ಲ "ಪಾವಂ" ಎನ್ನುತ್ತಿದ್ದರು, ಅಯ್ಯೋ ಪಾಪ ಎಂದು. ಮಾಮಿ ಕೆಟ್ಟವರಲ್ಲ.

"ನೀರು ಭಾರ ಅಲ್ರಿ," ಎಂದು ನೀಲಕ್ಕ ನನಗೊಮ್ಮೆ ಹೇಳಿದರು. "ಆ ಪಾವಂ ಅದ ನೋಡ್ರಿ, ಅದು ಭಾರ."

ಮೌಂಟ್ ರೋಡಿನಿಂದ ಮಕ್ಕಳಾಡುವ ಮೋಟಾರ್ ಕಿಟ್ ಒಂದನ್ನು ತಂದರು. ಜೋಡಿಸಿದ ಗಾಡಿ ಒಂದು ಲೋಟ ನೀರು ಎಳೆಯಿತು. ಚೊಂಬು ಇಟ್ಟಾಗ ಗೇರಿನ ಹಲ್ಲುಗಳು ಉದುರಿದವು. ಪುದುಪೇಟೆಯ ಹಳೆ ಸಾಮಾನಿನ ಅಂಗಡಿಗಳನ್ನು ಸುತ್ತಿ, ಕಾರಿನ ಗಾಜು ಒರೆಸುವ ವೈಪರ್‌ನ ಮೋಟಾರುಗಳನ್ನು ಆರಿಸಿ ತಂದು, ಕಿಟ್ಟಿನ ಗಾಡಿಯನ್ನೇ ದೊಡ್ಡದಾಗಿ ಮತ್ತೆ ಕಟ್ಟಿದರು. ಹಲಗೆ, ಕಾರಿನ ಬ್ಯಾಟರಿ, ಕೊಡ ಕೂರಲು ಕಬ್ಬಿಣದ ಬಳೆ, ನೆಲ ನೋಡಲು ಬೆಳಕಿಗೆ ಸ್ಪಂದಿಸುವ ಎರಡು ಕಣ್ಣು. ಬಿಳಿ ಗೆರೆ ಹೋದಲ್ಲಿಗೆ ಗಾಡಿಯೂ ಹೋಗುತ್ತಿತ್ತು. ಬಸವ ಎಂದು ಹೆಸರಿಟ್ಟರು. ಪಂಪಿನಿಂದ ಮನೆಯವರೆಗೆ ಸುಣ್ಣದ ಗೆರೆ ಎಳೆದು ಸಂಜೆ ಹೊತ್ತು ಓಡಿಸಿ ನೋಡಿದರು. ಒಮ್ಮೆಯೂ ತಪ್ಪಲಿಲ್ಲ.

ಆದರೆ ನೀರು ತುಂಬುವುದು ಬೆಳಿಗ್ಗೆ. ಸಂಜೆಯೊಳಗೆ ತುಳಿದು ಅಳಿಸಿಹೋಗುವ ಮಾಮಿಯ ಕೋಲಂ, ಅಂದರೆ ರಂಗೋಲಿ, ಬೆಳಿಗ್ಗೆ ಹೊಸದಾಗಿ ಹೊಳೆಯುತ್ತಿತ್ತು. ಆ ಬೆಳಿಗ್ಗೆ ಬಸವ ಸುಣ್ಣದ ಗೆರೆ ಬಿಟ್ಟು ಅದರ ಸುಳಿಯೊಳಗೆ ನುಗ್ಗಿ, ಸುತ್ತಿ ಸುತ್ತಿ, ಕೊಡವನ್ನು ಮಾಮಿಯ ಬಾಗಿಲಲ್ಲಿ ಉರುಳಿಸಿತು.

"ಕೋವಿಲ್ ಮಾಡು, ಪ್ರದಕ್ಷಿಣಂ ಪಣ್ಣುದು," ಎಂದರು ಸಾಲಿನಲ್ಲಿದ್ದವರೊಬ್ಬರು, ಗುಡಿಯ ಬಸವ ಪ್ರದಕ್ಷಿಣೆ ಹಾಕುತ್ತಿದೆ ಎಂದು. ಎಲ್ಲರೂ ನಕ್ಕರು. ಮಾಮಿ ಮಾತ್ರ ನಗಲಿಲ್ಲ. "ಪಾವಂ. ನಾಳೆಯಿಂದ ಕೋಲಂ ವೇಂಡಾಂ," ಎಂದರು, ಇನ್ನು ರಂಗೋಲಿ ಬೇಡ ಎಂದು.

"ನೀಂಗ ಪೋಡುಂಗೋ ಮಾಮಿ," ಎಂದರು ನೀಲಕ್ಕ, ನೀವು ಹಾಕಿ ಎಂದು. ಬ್ಯಾಟರಿಯ ವೈರು ಬಿಚ್ಚುತ್ತ ನನಗೆ ಹೇಳಿದರು: "ನನ್ನ ಸಲುವಾಗಿ ಅಕಿ ರಂಗೋಲಿ ಬಿಟ್ರ ಅದೂ ಪಾವಂನ ಆತು. ಬ್ಯಾಡ. ದಾರಿ ಬಸವ ಕಲೀಲಿ."

ಬಸವನ ಕಣ್ಣು ಕಪ್ಪು ಗೆರೆ ಹಿಡಿಯುವಂತೆ ತಂತಿ ಬದಲಿಸಿದರು. ಸುಣ್ಣ ಕೆರೆದು, ಕೋಲಂ ಬಿದ್ದ ಜಾಗವನ್ನು ಬಳಸಿಕೊಂಡು ಸಿಮೆಂಟಿನ ಅಂಗಳದ ಮೇಲೆ ಡಾಂಬರಿನ ಗೆರೆ ಬಳಿದರು. ತಿರುವಿನಲ್ಲಿ ಬಸವ ಮತ್ತೆ ತಪ್ಪಿತು. ತಿರುವನ್ನು ಕೆರೆದು ಮತ್ತೆ ಬಳಿದರು.

ಮುಂದಿನ ಬಾರಿ ಬಸವ ಗುರುಗುಟ್ಟುತ್ತ ಕೋಲಂ ಪಕ್ಕದಲ್ಲೇ ಹಾದು, ನೀಲಕ್ಕನ ಬಾಗಿಲಲ್ಲಿ ನಿಂತಿತು. ಹಿಂದೆಯೇ ಊರುಗೋಲಿನ ಸದ್ದು. ಮಾಮಿ ಸಾಲಿನ ಕಡೆ ತಿರುಗಿದರು.

"ಅಡುತ್ತದು ಯಾರು?" ಮುಂದಿನವರು ಯಾರೆಂದು, ಉಳಿದವರ ಕೊಡ ತುಂಬಿದಾಗ ಕೇಳುವ ಹಾಗೆಯೇ ಕೇಳಿದರು.

1987ರಲ್ಲಿ ನೀಲಕ್ಕನಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಸಾಮಾನಿನ ಲಾರಿಯಲ್ಲಿ ಬಸವನೂ ಹೋಯಿತು. ಮುಂದಿನ ವರ್ಷ ನಾನೂ ಆ ಮನೆ ಬಿಟ್ಟೆ. ನಾನು ಹೊರಟದ್ದು ಮಾರ್ಗಳಿ ತಿಂಗಳಲ್ಲಿ, ಅಂದರೆ ಧನುರ್ಮಾಸದಲ್ಲಿ. ಮಾಮಿ ಅಂಗಳದ ತುಂಬ ದೊಡ್ಡ ಕೋಲಂ ಹಾಕಿದ್ದರು. ಡಾಂಬರಿನ ಗೆರೆ ಹಾದುಹೋದಲ್ಲೆಲ್ಲ, ಅದರ ಎರಡೂ ಬದಿಗೆ ನಾಲ್ಕು ಬೆರಳು ಜಾಗ ಬಿಟ್ಟಿದ್ದರು.