ನಾನು ಬೇಡವೆಂದ ಸಂಬಳ

ಸಂಬಳ ಹೆಚ್ಚಿಸುತ್ತೇನೆಂದು ಸಾಹುಕಾರರು ಹೇಳಿದಾಗ ನನಗೆ ಖುಷಿಯಾಗಲಿಲ್ಲ. ಇವರಿಗೆ ಯಾರು ಏನು ಹೇಳಿಕೊಟ್ಟಿರಬಹುದು ಎಂಬ ಯೋಚನೆಯೇ ಮೊದಲು ಬಂತು.

ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಪ್ಯಾಕಿಂಗ್ ವಿಭಾಗ ನನ್ನ ಉಸ್ತುವಾರಿಯಲ್ಲಿತ್ತು. ಸೋರುವ ಪ್ಯಾಕೆಟ್ಟುಗಳನ್ನು ಒರೆಸಿ ಬೇರೆ ಇಡುವ ಕೆಲಸಕ್ಕೆ ಸೇರಿದವಳು, ನಿಧಾನಕ್ಕೆ ಮೇಲೆ ಬಂದಿದ್ದೆ. ಸಾಹುಕಾರರು ದಿನಾ ಬೆಳಿಗ್ಗೆ ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು, ಶೇಂಗಾ ಚೀಲದಿಂದ ಒಂದು ಕಾಳು ತೆಗೆದು ಕಚ್ಚಿ ನೋಡಿ, ಆಮೇಲೆ ನಮ್ಮ ಕಡೆ ಬರುವರು. ಕೆಟ್ಟ ಮನುಷ್ಯರೆಂದು ನಾನು ಹೇಳಲಾರೆ. ಆದರೆ ಕೇಳದೆ ಯಾರಿಗೂ ಏನನ್ನೂ ಕೊಟ್ಟವರಲ್ಲ. ಅಂಥವರು ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಪ್ಯಾಕಿಂಗ್ ಯಂತ್ರದ ಪಕ್ಕ ನಿಂತು, "ಏನಮ್ಮ, ಏಪ್ರಿಲ್‌ನಿಂದ ನಿನ್ನ ಸಂಬಳ ಜಾಸ್ತಿ ಮಾಡಾಣ ಅಂತಿದೀನಿ," ಎಂದರು.

ಎಷ್ಟು ಎಂದು ಕೇಳಿದೆ. ಹೇಳಿದರು. ಮನಸ್ಸಿನಲ್ಲೇ ಕೂಡಿಸಿ ನೋಡಿದೆ. ಇಎಸ್‌ಐ ಮಿತಿಯನ್ನು ಕೂದಲೆಳೆಯಷ್ಟು ದಾಟುತ್ತಿತ್ತು.

ಇಎಸ್‌ಐ ಎಂದರೆ ನಮ್ಮಂಥ ಕೆಲಸಗಾರರ ಆರೋಗ್ಯ ವಿಮೆ. ತಿಂಗಳ ಸಂಬಳದಲ್ಲಿ ನಮ್ಮದೊಂದು ಸಣ್ಣ ಪಾಲು ಹಿಡಿಯುತ್ತಾರೆ, ಮಾಲೀಕರು ಅದಕ್ಕಿಂತ ದೊಡ್ಡ ಪಾಲು ಸೇರಿಸಿ ಕಟ್ಟುತ್ತಾರೆ. ನಮಗೂ ನಮ್ಮನ್ನು ನೆಚ್ಚಿಕೊಂಡ ಹೆತ್ತವರಿಗೂ ಚಿಕಿತ್ಸೆ ಸಿಗುತ್ತದೆ. ಆದರೆ ಸರ್ಕಾರ ಇಟ್ಟ ಮಿತಿಗಿಂತ ಸಂಬಳ ಮೇಲೆ ಹೋದರೆ ಅದರಿಂದ ಹೊರಗೆ. ಆಗ ಅವರೂ ಕಟ್ಟುವಂತಿಲ್ಲ, ನಾವೂ ಕಟ್ಟುವಂತಿಲ್ಲ.

ನಾನು ಮದುವೆಯಾದವಳಲ್ಲ. ಅಪ್ಪ ಇಲ್ಲ. ಮನೆಯಲ್ಲಿ ನಾನು ಮತ್ತು ಅವ್ವ. ಅದರ ಹಿಂದಿನ ವರ್ಷ ಅವ್ವನ ಎದೆಯಲ್ಲಿ ಗಂಟು ಕಾಣಿಸಿಕೊಂಡು, ಆಪರೇಷನ್ ಆಗಿ, ಕಿಮೋ ಮುಗಿದು, ಈಗ ಮೂರು ವಾರಕ್ಕೊಂದು ಇಂಜೆಕ್ಷನ್ ನಡೆಯುತ್ತಿತ್ತು. ಅದನ್ನು ಒಂದು ವರ್ಷ ತಪ್ಪಿಸಬಾರದು ಎಂದು ಡಾಕ್ಟರು ಹೇಳಿದ್ದರು. ಅದರ ಬೆಲೆ ಕೇಳಿದ ದಿನ ಅವ್ವ, "ಅಷ್ಟು ದುಡ್ಡಿನ ನೀರು ನನ್ನ ಮೈಗೆ ಯಾಕೆ," ಎಂದಿದ್ದಳು. ಎಲ್ಲವನ್ನೂ ಇಎಸ್‌ಐ ಭರಿಸುತ್ತಿತ್ತು. ಪ್ರತಿ ಸಲ ಚೀಟಿ ಬರೆಸಿಕೊಂಡು, ಚಿತ್ರದುರ್ಗದ ಮೇಲೆ ದಾವಣಗೆರೆಗೆ ಹೋಗಿ ಬರುತ್ತಿದ್ದೆವು.

ಬಡವರಿಗೆ ಪುಕ್ಕಟೆ ಚಿಕಿತ್ಸೆ ಕೊಡಿಸುವ ಬಿಪಿಎಲ್ ಕಾರ್ಡು ನಮ್ಮ ಕೈಬಿಟ್ಟು ಬಹಳ ಕಾಲವಾಗಿತ್ತು. ನನ್ನ ಸಂಬಳದ ಚೀಟಿ ನೋಡಿ, ನಿಮ್ಮ ಆದಾಯ ಜಾಸ್ತಿಯಾಯಿತು ಎಂದು ಬದಲಾಯಿಸಿಬಿಟ್ಟಿದ್ದರು. ಅಲ್ಲಿಗೆ ನಾವು ಬಡವರಲ್ಲ. ಈಗ ಇಲ್ಲಿಯೂ ಒಂದು ಗೆರೆ ದಾಟಿಸಿದರೆ ನಾವು ಯಾರ ಲೆಕ್ಕಕ್ಕೂ ಬರುವವರಲ್ಲ. ಇಂಜೆಕ್ಷನ್ನಿನ ಮುಂದೆ ಆ ಏರಿದ ಸಂಬಳ ಏನೇನೂ ಅಲ್ಲ.

ನನಗೆ ಅನುಮಾನ ಬಂದದ್ದು ಮ್ಯಾನೇಜರರ ಮೇಲೆ. ಅವ್ವನ ಕಾಯಿಲೆಗೆ ನಾನು ಹಾಕುವ ರಜೆ ಅವರ ಮೇಜಿನ ಮೂಲಕವೇ ಹೋಗಬೇಕಿತ್ತು. ಈಯಮ್ಮ ಮೇಲಿಂದ ಮೇಲೆ ರಜೆ ಹಾಕ್ತಾಳೆ, ಇಎಸ್‌ಐ ಇರೋದ್ರಿಂದ ತಾನೇ ಎಂದು ಅವರು ಸಾಹುಕಾರರ ಕಿವಿಯಲ್ಲಿ ಹೇಳಿರಬಹುದು. ಅಥವಾ ನನ್ನ ಪಾಲಿಗೆ ಕಟ್ಟುವ ದುಡ್ಡು ಉಳಿಯುತ್ತದೆ ಎಂದು ಇಬ್ಬರೂ ಕೂತು ಲೆಕ್ಕ ಹಾಕಿರಬಹುದು. ಆವತ್ತು ಇಡೀ ದಿನ ಮ್ಯಾನೇಜರು ನಕ್ಕರೆ ಯಾಕೆ ನಕ್ಕರು, ನಗದಿದ್ದರೆ ಯಾಕೆ ನಗಲಿಲ್ಲ ಎಂದು ನೋಡುತ್ತಿದ್ದೆ.

ಮರುದಿನ ಸಾಹುಕಾರರ ಕೋಣೆಗೆ ಹೋಗಿ, "ಸಂಬಳ ಈಗಿರೋದೇ ಸಾಕು ಸಾವ್ಕಾರ್ರೆ, ಜಾಸ್ತಿ ಬ್ಯಾಡ," ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಬ್ಯಾರೆ ಮಿಲ್ಲಿನವರು ಕರೆದಿದಾರೇನು?"

"ಇಲ್ಲ."

"ಮತ್ತೆ? ಸಂಬಳ ಬ್ಯಾಡ ಅನ್ನೋರನ್ನ ನಾನು ಇವತ್ತೇ ನೋಡ್ತಿರೋದು."

ಅವ್ವನ ವಿಷಯ ನಾನಾಗಿ ಹೇಳಲಿಲ್ಲ. ಗೊತ್ತಿದ್ದೂ ಕೇಳುತ್ತಿದ್ದಾರೆ ಎಂದುಕೊಂಡೆ. ಅವರಿಗೂ ನನ್ನ ಮೇಲೆ ನಂಬಿಕೆ ಬರಲಿಲ್ಲ ಎನ್ನುವುದು ಮುಖದಲ್ಲೇ ಕಾಣುತ್ತಿತ್ತು.

ಸಂಜೆ ಮ್ಯಾನೇಜರು ನನ್ನನ್ನು ಕರೆದು ದನಿ ತಗ್ಗಿಸಿ ಹೇಳಿದರು: "ಇಎಸ್‌ಐ ಹೋಗುತ್ತೆ ಅಂತ ತಾನೇ? ಬೇಕಾದ್ರೆ ಕಾಗದದ ಮ್ಯಾಲೆ ಹಳೇ ಸಂಬಳನೇ ಇರ್ಲಿ. ಮೇಲಿಂದು ಕೈಗೆ ಕೊಡಿಸ್ತೀನಿ. ಯಾರಿಗೂ ಗೊತ್ತಾಗಲ್ಲ."

ಅಲ್ಲಿಗೆ ಅವರಿಗೆ ಎಲ್ಲ ಗೊತ್ತಿತ್ತು. ಕಾಗದದಲ್ಲಿ ಒಂದು, ಕೈಯಲ್ಲಿ ಒಂದು ಇಟ್ಟುಕೊಂಡರೆ ಎಂದಾದರೂ ನನ್ನನ್ನು ಹೊರಹಾಕಬೇಕೆನಿಸಿದ ದಿನ ಅದೊಂದು ಮಾತು ಸಾಕು. ಒಳ್ಳೆಯದಕ್ಕೇ ಹೇಳಿದರೋ, ಬಲೆ ಹಾಸಿದರೋ ಇಂದಿಗೂ ನನಗೆ ತಿಳಿಯದು. "ಅದೂ ಬ್ಯಾಡ ಸರ್," ಎಂದು ಬಂದೆ.

ವಾರದೊಳಗೆ ಮಿಲ್ಲಿನಲ್ಲೆಲ್ಲ ಮಾತಾಯಿತು. ನಾನು ಊಟಕ್ಕೆ ಹೋದರೆ ಹೆಂಗಸರು ಮಾತು ನಿಲ್ಲಿಸುವರು. ಯಂತ್ರ ನಡೆಸುತ್ತಿದ್ದ ಗೆಳತಿಯೊಬ್ಬಳು, ಎಷ್ಟೋ ವರ್ಷ ನನ್ನ ಬುತ್ತಿಯ ಚಟ್ನಿಪುಡಿ ಹಂಚಿಕೊಂಡು ಉಂಡವಳು, ಒಂದು ಮಧ್ಯಾಹ್ನ ನೇರವಾಗಿ ಕೇಳಿದಳು. "ನೀನು ಬ್ಯಾಡ ಅಂದಿದ್ದಕ್ಕೆ ನಮಗೂ ಈ ವರ್ಷ ಏನೂ ಇಲ್ಲಂತೆ. ನಿಂಗೆ ಒಳಗಿಂದೊಳಗೆ ಏನಾದ್ರೂ ಬರ್ತೈತಾ?"

"ನನ್ನ ಮುಖ ನೋಡಿ ಹೇಳು, ಹಂಗೆ ಕಾಣ್ತೀನಾ?"

"ಮುಖ ನೋಡಿದ್ರೆ ಏನು ಗೊತ್ತಾಗ್ತೈತೆ," ಎಂದು ಡಬ್ಬಿ ಮುಚ್ಚಿಕೊಂಡು ಎದ್ದಳು. ನಾನು ಮ್ಯಾನೇಜರರ ಮುಖ ನೋಡಿ ತಿಳಿಯಲು ಹೊರಟಿದ್ದೆನಲ್ಲ ಎಂದು ಆಗ ನೆನಪಾಯಿತು.

ಇದನ್ನೆಲ್ಲ ಅವ್ವನಿಗೆ ಹೇಳಿರಲಿಲ್ಲ. ಹೇಳಿದರೆ ಇಂಜೆಕ್ಷನ್ನೇ ಬೇಡ ಎನ್ನುತ್ತಾಳೆಂದು ಗೊತ್ತಿತ್ತು. ಆದರೆ ನಮ್ಮ ಓಣಿಯಲ್ಲೇ ಇದ್ದ ಮಿಲ್ಲಿನ ಹೆಂಗಸೊಬ್ಬಳು ಅವಳ ಕಿವಿಗೆ ಹಾಕಿದ್ದಳು. ಅವ್ವ ಏನೂ ಕೇಳಲಿಲ್ಲ. ನಾನು ಫೋನು ಹಿಡಿದರೆ ಯಾರದು ಎಂದು ನೋಡುವಳು. ದಾವಣಗೆರೆಯಲ್ಲಿ ಡಾಕ್ಟರ ಜೊತೆ ನಾನು ಎರಡು ಮಾತು ಹೆಚ್ಚು ಆಡಿದರೆ, ಏನಂದ್ರು, ಏನಂದ್ರು ಎಂದು ಬಸ್ಸಿನ ತನಕ ಕೇಳುವಳು. ಏಪ್ರಿಲ್ ಶುರುವಾದ ಮೇಲೆ ಒಂದು ಸಂಜೆ ನಾನು ಮಿಲ್ಲಿನಿಂದ ಬಂದರೆ ಬಾಗಿಲಿಗೆ ಬೀಗ. ಬೀಗದಕೈ ಪಕ್ಕದ ಮನೆಯಲ್ಲಿತ್ತು. ಅವರು, "ಮೊಳಕಾಲ್ಮೂರಿಗೆ ಹೋದ್ರಮ್ಮ ನಿಮ್ಮವ್ವ, ಒಂದು ಚೀಲ ಹಿಡ್ಕಂಡು," ಎಂದರು.

ಮೊಳಕಾಲ್ಮೂರು ಅವ್ವನ ತವರು. ಅಲ್ಲಿ ನನ್ನ ಚಿಕ್ಕಮ್ಮ ರೇಷ್ಮೆ ಸೀರೆ ನೇಯುತ್ತಾಳೆ. ಅವ್ವನೂ ಮದುವೆಗೆ ಮುಂಚೆ, ಅಪ್ಪ ಹೋದ ಮೇಲೆಯೂ ಅದೇ ಮನೆಯ ಮಗ್ಗದಲ್ಲಿ ನೇಯ್ದವಳು. ಮುಂದಿನ ಇಂಜೆಕ್ಷನ್ ಹತ್ತಿರ ಬಂದಿತ್ತು. ನಾನು ಬೆಳಗಿನ ಮೊದಲ ಬಸ್ಸು ಹತ್ತಿದೆ. ತಳಕು ದಾಟುವವರೆಗೆ ಅವ್ವನ ಮೇಲೆ ಸಿಟ್ಟಿತ್ತು, ಆಮೇಲೆ ಭಯ.

ಚಿಕ್ಕಮ್ಮ ಬಾಗಿಲಲ್ಲೇ ಎದುರಾದಳು. ಆ ಮನೆಯಲ್ಲಿ ಅರ್ಧ ಮಾತು ತೆಲುಗು. "ರಾ ಅಮ್ಮಾ, ಬಾ ಒಳಗೆ. ನಿಮ್ಮವ್ವ ನಿನ್ನೆಯಿಂದ ಬಾಯಿ ಬಿಟ್ಟಿಲ್ಲ. ನೀನೇ ಕೇಳು," ಎಂದಳು.

ಅವ್ವ ಮಗ್ಗದ ಪಕ್ಕ ಗೋಡೆಗೆ ಒರಗಿ ಕೂತು, ಲಾಳಿಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಆಪರೇಷನ್ ಆದ ಕಡೆಯ ಕೈ ಮೇಲೇಳುತ್ತಿರಲಿಲ್ಲ. ಒಂದೇ ಕೈಯಲ್ಲಿ ರಾಟೆ ತಿರುಗಿಸುತ್ತಿದ್ದಳು.

"ಏನವ್ವ ಇದು? ಹೇಳದೆ ಕೇಳದೆ ಬಂದುಬಿಟ್ಟೆ?"

"ನೀನು ಹೇಳಿ ಕೇಳಿ ಮಾಡ್ತೀಯಾ ಎಲ್ಲಾನೂ?"

ನಾನು ಅವಳೆದುರು ಕೂತೆ. ರಾಟೆ ನಿಲ್ಲಿಸಿ ಅವಳೇ ಹೇಳಿದಳು. "ಬಂದ ಸಂಬಳಾನ ಬ್ಯಾಡ ಅಂದೆಯಂತೆ. ಯಾರಾದ್ರೂ ಬ್ಯಾಡ ಅಂತಾರಾ? ಡಾಕ್ಟರು ನಿಂಗೆ ಏನೋ ಹೇಳಿದಾರೆ. ಮತ್ತೆ ಬಂದೈತೆ ಅಂತ ತಾನೇ? ಇನ್ನೂ ದೊಡ್ಡ ಖರ್ಚು ಐತೆ, ಅದಕ್ಕೇ ಆ ಇಎಸ್‌ಐ ಕಾರ್ಡು ಬಿಡಂಗಿಲ್ಲ ಅಂತ ನೀನು ಕಚ್ಚಿಕೊಂಡು ಕೂತಿದೀಯ. ನಂಗೆ ಗೊತ್ತಾಗಲ್ಲ ಅನ್ಕಂಡೆಯಾ?"

ಸಾಹುಕಾರರು, ಮ್ಯಾನೇಜರು, ಗೆಳತಿ ಎಲ್ಲರೂ ನನ್ನ ಲೆಕ್ಕದಲ್ಲಿದ್ದರು. ಅವ್ವ ಮನೆಯಲ್ಲಿ ಒಬ್ಬಳೇ ಕೂತು ತನ್ನ ಸಾವನ್ನೇ ಲೆಕ್ಕ ಹಾಕುತ್ತಿದ್ದಳು ಎನ್ನುವುದು ನನಗೆ ಹೊಳೆದಿರಲಿಲ್ಲ.

"ಮತ್ತೆ ಬಂದಿಲ್ಲವ್ವ. ನಿನ್ನಾಣೆ ಬಂದಿಲ್ಲ. ಈಗ ನಡೀತಿರೋ ಇಂಜೆಕ್ಷನ್ ಮುಗಿಯೋ ಗಂಟ ಕಾರ್ಡು ಇರ್ಲಿ ಅಂತ ಅಷ್ಟೆ."

"ಆಣೆಗೀಣೆ ಬ್ಯಾಡ. ಎಲ್ಲಿ, ಡಾಕ್ಟರಿಗೆ ಫೋನು ಹಚ್ಚು. ನಾನೇ ಕೇಳ್ತೀನಿ."

ಡಾಕ್ಟರು ಸಿಗಲಿಲ್ಲ. ನರ್ಸಮ್ಮ ಸಿಕ್ಕಳು. ಅವ್ವ ಫೋನು ಕಿವಿಗೊತ್ತಿಕೊಂಡು, ತನ್ನ ಹೆಸರು, ಊರು ಹೇಳಿ, ತಾನು ಯಾವ ಹಾಸಿಗೆಯಲ್ಲಿ ಇಂಜೆಕ್ಷನ್ ತಗೊಳ್ಳುತ್ತೇನೆ ಎನ್ನುವುದನ್ನೂ ಹೇಳಿ, ಹೊಸ ರಿಪೋರ್ಟಿನಲ್ಲಿ ಏನಿದೆ ಎಂದು ಕೇಳಿದಳು. ಆ ಕಡೆಯಿಂದ ಏನು ಹೇಳಿದರೋ, ಅವ್ವ ಬಹಳ ಹೊತ್ತು ಹ್ಞೂಂ, ಹ್ಞೂಂ ಎನ್ನುತ್ತಿದ್ದಳು. ಫೋನಿಟ್ಟು, "ಚೆನ್ನಾಗೈತೆ ಅಂತಾಳೆ. ನೀನು ಮೊದ್ಲೇ ಹೇಳಿಕೊಟ್ಟಿಲ್ಲ ತಾನೇ?" ಎಂದಳು. ಚಿಕ್ಕಮ್ಮ ಮಗ್ಗದೊಳಗಿಂದಲೇ ನಕ್ಕಳು. ನನಗೆ ನಗು ಬರಲಿಲ್ಲ, ಅಳು ಬಂತು. ಅದನ್ನು ನೋಡಿದ ಮೇಲೆ ಅವ್ವ ಚೀಲ ತುಂಬಿಕೊಂಡಳು.

ಇಂಜೆಕ್ಷನ್ ತಪ್ಪಲಿಲ್ಲ. ಮುಂದಿನ ಸಲ ಚೀಟಿ ಬರೆಸಲು ಇಎಸ್‌ಐ ಚಿಕಿತ್ಸಾಲಯಕ್ಕೆ ಹೋದಾಗ ಅವ್ವನೇ ಕೌಂಟರಿನ ಕಿಟಕಿಗೆ ಮುಖ ಹಾಕಿ ಕೇಳಿದಳು. "ನನ್ನ ಮಗಳಿಗೆ ಸಂಬಳ ಜಾಸ್ತಿ ಮಾಡ್ತಾರಂತೆ. ಮಾಡಿದ್ರೆ ನನ್ನ ಇಂಜೆಕ್ಷನ್ ಅವತ್ತೇ ನಿಲ್ತೈತೇನ್ರಿ?" ನಾನು ಇಷ್ಟು ದಿನ ಈ ಪ್ರಶ್ನೆಯನ್ನು ಯಾರ ಮುಂದೆಯೂ ಇಟ್ಟಿರಲಿಲ್ಲ. ಕೇಳಿದರೆ ಮಿಲ್ಲಿಗೆ ಸುದ್ದಿ ಹೋಗುತ್ತದೆ ಎಂಬ ಹೆದರಿಕೆ.

ಒಳಗಿದ್ದ ಹೆಣ್ಣುಮಗಳು ನಿಧಾನವಾಗಿ ತಿಳಿಸಿದರು. ವಂತಿಗೆಯ ಲೆಕ್ಕ ಆರಾರು ತಿಂಗಳಿಗೆ ಒಂದು ಅವಧಿ. ಏಪ್ರಿಲ್‌ನಿಂದ ಒಂದು, ಅಕ್ಟೋಬರ್‌ನಿಂದ ಇನ್ನೊಂದು. ಅವಧಿ ಶುರುವಾಗುವ ದಿನವೇ ಸಂಬಳ ಮಿತಿ ದಾಟಿದ್ದರೆ ಆಗಲೇ ಹೊರಗೆ. ಶುರುವಾದ ಮೇಲೆ ದಾಟಿದರೆ ಆ ಅವಧಿ ಮುಗಿಯುವ ತನಕ ಒಳಗೇ ಇರುತ್ತೀರಿ, ಏರಿದ ಸಂಬಳದ ಮೇಲೂ ವಂತಿಗೆ ಕಟ್ಟಬೇಕು. ಹಾಗೆ ಕಟ್ಟಿದ್ದಕ್ಕೆ ಸವಲತ್ತು ಮುಂದಿನ ವರ್ಷಕ್ಕೂ ಸ್ವಲ್ಪ ಚಾಚುತ್ತದೆ.

ಅಂದರೆ ಏಪ್ರಿಲ್ ಬಿಟ್ಟು ಮೇ ತಿಂಗಳಿನಿಂದ ಸಂಬಳ ಏರಿದರೆ ಅವ್ವನ ಇಂಜೆಕ್ಷನ್ ಪೂರ್ತಿ ಮುಗಿಯುತ್ತಿತ್ತು. ನನಗೆ ನಂಬಿಕೆ ಬರಲಿಲ್ಲ. ಇನ್ನೊಂದು ದಿನ ಹೋಗಿ ಬೇರೆಯವರನ್ನು ಕೇಳಿದೆ. ಅವರೂ ಹಾಗೇ ಹೇಳಿದರು. ಆಗ ಸಮಾಧಾನದ ಜೊತೆಗೆ ಇನ್ನೊಂದು ಮುಳ್ಳು ಚುಚ್ಚಿತು: ಸಾಹುಕಾರರು ಸರಿಯಾಗಿ ಏಪ್ರಿಲ್ ತಿಂಗಳನ್ನೇ ಯಾಕೆ ಹೇಳಿದರು?

ಈ ಸಲ ಮುಚ್ಚಿಡಲಿಲ್ಲ. ಅವರ ಕೋಣೆಗೆ ಹೋಗಿ ಅವ್ವನ ಕಾಯಿಲೆಯಿಂದ ಹಿಡಿದು ಎಲ್ಲ ಹೇಳಿ, "ಕೊಡೋದಾದ್ರೆ ಮೇನಿಂದ ಕೊಡ್ರಿ," ಎಂದೆ.

ಅವರು ಬಹಳ ಯೋಚನೆ ಮಾಡಲಿಲ್ಲ. "ಆಗ್ಲಿ, ಮೇನಿಂದಾನೇ ಮಾಡಾಣ. ಅಷ್ಟಕ್ಕೆ ಇಷ್ಟು ದಿನ ಬೇಕಾಯ್ತಾ? ನಾನು ಹೊಸ ವರ್ಷದ ಲೆಕ್ಕ ಅಂತ ಏಪ್ರಿಲ್ ಅಂದಿದ್ದು," ಎಂದು ಮತ್ತೆ ಕನ್ನಡಕ ಹಾಕಿಕೊಂಡರು. ಅಷ್ಟು ಸುಲಭವಾಗಿ ಒಪ್ಪಿದ್ದು ನನಗೆ ಹಿಡಿಸಲಿಲ್ಲ. ಹೊರಬರುವಾಗ ಮ್ಯಾನೇಜರು ತಮ್ಮ ಕಂಪ್ಯೂಟರಿನಿಂದ ಕಣ್ಣು ತೆಗೆಯಲಿಲ್ಲ.

ಮೇ ತಿಂಗಳಿನಿಂದ ಸಂಬಳ ಏರಿತು. ನನ್ನದಾದ ಮೇಲೆ ಬೇರೆಯವರಿಗೂ ಅಷ್ಟಿಷ್ಟು ಸಿಕ್ಕಿತು. ಯಂತ್ರದ ಗೆಳತಿ ಮತ್ತೆ ನನ್ನ ಪಕ್ಕ ಬಂದು ಕೂತಳಾದರೂ ಚಟ್ನಿಪುಡಿಗೆ ಮಾತ್ರ ಕೈಚಾಚಲಿಲ್ಲ. ಅವ್ವನ ಕೊನೆಯ ಇಂಜೆಕ್ಷನ್ ದೀಪಾವಳಿಗೆ ಮುಂಚೆ ಮುಗಿಯಿತು. ಆ ದಿನ ನರ್ಸಮ್ಮನಿಗೆ ಅವ್ವ ಮೊಳಕಾಲ್ಮೂರಿನಿಂದ ತರಿಸಿದ ರೇಷ್ಮೆಯ ರವಿಕೆ ಬಟ್ಟೆ ಕೊಟ್ಟು, "ಅವತ್ತು ಫೋನಿನಾಗೆ ನಿಜ ಹೇಳಿದ್ದಕ್ಕೆ," ಎಂದಳು.

ಅಕ್ಟೋಬರ್ ತಿಂಗಳ ಸಂಬಳದ ಚೀಟಿಯಲ್ಲಿ ಇಎಸ್‌ಐ ಎಂಬಲ್ಲಿ ಸೊನ್ನೆ ಇತ್ತು. ಅದರ ಬದಲಿಗೆ ಸಾಹುಕಾರರು ಮಿತಿ ದಾಟಿದವರಿಗೆಲ್ಲ ಒಂದು ಖಾಸಗಿ ವಿಮೆ ಮಾಡಿಸುತ್ತೇನೆಂದು ಹೇಳಿದರು, ಮಾಡಿಸಿಯೂ ಮಾಡಿಸಿದರು. ನಾನು ಅದನ್ನು ಸಾಲುಸಾಲಾಗಿ ಓದಿಸಿಕೊಂಡೆ. ನನಗೆ ಉಂಟು, ತಂದೆತಾಯಿಗೆ ಇಲ್ಲ. ಅವ್ವನಿಗೆ ಬೇರೆಯಾಗಿ ಮಾಡಿಸಲು ಹೋದರೆ, ಆಗಲೇ ಇರುವ ಕಾಯಿಲೆಗೆ ಕೆಲವು ವರ್ಷ ಕಾಯಬೇಕು ಎಂದರು. ಅವ್ವ ಮೊಳಕಾಲ್ಮೂರಿನ ನೇಕಾರರ ಸಹಕಾರ ಸಂಘದಲ್ಲಿ ಹಳೆಯ ಸದಸ್ಯೆ. ಸಂಘದ ಮೂಲಕ ವರ್ಷಕ್ಕೊಮ್ಮೆ ಸಣ್ಣ ವಂತಿಗೆ ಕಟ್ಟಿ ಸೇರುವ ಆರೋಗ್ಯ ಯೋಜನೆ ಇದೆಯೆಂದು ಚಿಕ್ಕಮ್ಮ ತಿಳಿಸಿದಳು. ಅವ್ವ ತಾನೇ ಹೋಗಿ, ಯಾವ ಕಾಯಿಲೆಗೆ ಕೊಡುತ್ತಾರೆ, ಯಾವುದಕ್ಕೆ ಇಲ್ಲ ಎಂದು ಸಂಘದ ಕಾರ್ಯದರ್ಶಿಯನ್ನು ಅರ್ಧ ದಿನ ಕೇಳಿ, ಸಹಿ ಹಾಕಿ ಬಂದಳು. ಇಎಸ್‌ಐನ ಚಾಚಿದ ಸವಲತ್ತೂ ಮುಗಿದಿದೆ, ಈಗ ತಪಾಸಣೆಗೆ ಹೋದರೆ ಸ್ಕ್ಯಾನಿಂಗ್‌ಗೆ ನಾವೇ ಕೊಡುತ್ತೇವೆ. ದೊಡ್ಡದೇನಾದರೂ ಬಂದರೆ ಆ ಯೋಜನೆ ಎಷ್ಟು ಕೈಹಿಡಿಯುತ್ತದೋ ನಮಗೆ ಗೊತ್ತಿಲ್ಲ. ಗೊತ್ತಾಗುವುದೂ ಬೇಡ.

ಕಳೆದ ತಿಂಗಳು ಸಾಹುಕಾರರು ತಮ್ಮ ಸೊಸೆಯನ್ನು ಮಿಲ್ಲಿಗೆ ಕರೆತಂದರು. ಓದಿದ ಹುಡುಗಿ, ಮೆತ್ತಗೆ ಮಾತಾಡುತ್ತಾಳೆ. "ಪ್ಯಾಕಿಂಗ್ ಕೆಲಸ ಎಲ್ಲ ಇವಳಿಗೆ ಒಂದು ಸಲ ತೋರಿಸಿಕೊಡಮ್ಮ," ಎಂದರು. ತೋರಿಸುತ್ತಿದ್ದೇನೆ. ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಿ ಕೇಳಿದಳು: "ಎಲ್ಲಾನೂ ತೋರಿಸ್ತಿದೀಯಾ?"