ಗುಡ್ಡ ಹತ್ತುವ ಪ್ಯಾಂಟು ತರಲು ಗದಗಕ್ಕೆ

ಆಗ ನನಗೆ ಅರವತ್ತೊಂದು ವರ್ಷ. ಹತ್ತು ವರ್ಷದ ಹಿಂದಿನ ಮಾತು. ಬಿಳಿಜೋಳ ಹಾಲುಗಾಳು ಹಿಡಿದಿದ್ದ ಥಂಡಿ ದಿನಗಳಲ್ಲಿ ನಾನು ನನಗೇ ಒಂದು ಪ್ಯಾಂಟು ತರಬೇಕೆಂದು ಮನೆ ಬಿಟ್ಟು ಹೊರಟೆ. ಸಂಗಡ ನನ್ನ ನೆಗೆಣ್ಣಿ ಫಕೀರವ್ವ ಬಂದಳು. ನನ್ನ ಮೈದುನನ ಹೆಂಡತಿ. ಅಕಿಯನ್ನು ನಾನು ಕರೆದಿರಲಿಲ್ಲ.

ನಮ್ಮೂರು ಕಪ್ಪತಗುಡ್ಡದ ಬುಡದಲ್ಲಿದೆ. ನಾವಿಬ್ಬರೂ ಮದುವೆಯಾಗಿ ಬಂದಾಗಿನಿಂದ ಆ ಗುಡ್ಡದ ಮೇಲೆ ಆಡು ಕಾಯ್ದವರು. ಗದಗ ಹೊಸ ಜಿಲ್ಲೆ ಆದ ಮೇಲೆ ಅಲ್ಲಿ ಗುಡ್ಡ ಹತ್ತುವವರದೊಂದು ಸಂಘ ಹುಟ್ಟಿತು. ಪ್ರತಿ ಚಳಿಗಾಲಕ್ಕೆ ಅವರು ಬರುತ್ತಿದ್ದರು, ನಾವು ದಾರಿ ತೋರಿಸುತ್ತಿದ್ದೆವು. ಗುಡ್ಡದ ನೆತ್ತಿಯಲ್ಲಿ ಒಂದು ಬೋಳು ಬಂಡೆ ಇದೆ. ಹೋತನ ಕಲ್ಲು ಅನ್ನುತ್ತೇವೆ. ಅದನ್ನು ನೆಟ್ಟಗೆ ಹತ್ತುವ ದಾರಿ ಕಂಡುಹಿಡಿದವಳು ನಾನು. ಹರೆಯದಲ್ಲಿ ನನ್ನದೊಂದು ಹೋತ ಮೇಲೆ ಸಿಕ್ಕಿಬಿದ್ದು ಒದರುತ್ತಿತ್ತು, ಕಚ್ಚೆ ಕಟ್ಟಿ ಹತ್ತಿ ಇಳಿಸಿದೆ. ಆ ದಾರಿಯನ್ನೇ ಸಂಘದವರಿಗೆ ತೋರಿಸಿಕೊಟ್ಟೆ.

ಹಿಂದಿನ ವರ್ಷ ಸಂಘದವರ ಸಂಗಡ ಪರವೂರಿನ ಹೆಂಗಸೊಬ್ಬಳು ಬಂದು, ಹೋಗುವಾಗ ತನ್ನ ಪ್ಯಾಂಟನ್ನು ಫಕೀರವ್ವನಿಗೆ ಕೊಟ್ಟು ಹೋದಳು. ಕರಿ ಬಣ್ಣದ್ದು, ತೆಳ್ಳಗೆ. ಅದರೊಳಗೆ ಗಾಳಿ ನುಗ್ಗುವುದಿಲ್ಲ, ಮುಳ್ಳು ಹಿಡಿಯುವುದಿಲ್ಲ, ಎಳೆದಷ್ಟು ಹಿಗ್ಗುತ್ತದೆ. ಮೇಲೆ ಗಂಡನ ಅಂಗಿ ಹಾಕಿ, ತಲೆಗೆ ಟಾವೆಲ್ ಸುತ್ತಿ ಫಕೀರವ್ವ ಎಲ್ಲರ ಮುಂದೆ ನಡೆಯತೊಡಗಿದಳು. ಸಂಘದವರ ಫೋಟೋಗಳಲ್ಲೆಲ್ಲ ಅಕಿಯೇ. ನಾನು ಹಿಂದೆ ಕುಂತು ಸೀರೆಯ ಅಂಚಿಗೆ ಹತ್ತಿದ ಮುಳ್ಳು ಬಿಡಿಸಿಕೊಳ್ಳುತ್ತಿದ್ದೆ.

ಈ ಸಲ ಸಂಘದ ಮುಖ್ಯಸ್ಥೆ ರೇಖಾ ಮೇಡಂ ಮುಂಚೆಯೇ ಬಂದು ಹೇಳಿದರು: ರವಿವಾರ ದೊಡ್ಡ ಗುಂಪು ಬರುತ್ತದೆ, ನಿಮ್ಮಿಬ್ಬರಲ್ಲಿ ಒಬ್ಬರು ಸೊಂಟಕ್ಕೆ ಪಟ್ಟಾ, ಹಗ್ಗ ಕಟ್ಟಿಕೊಂಡು ಎಲ್ಲರಿಗಿಂತ ಮೊದಲು ಹೋತನ ಕಲ್ಲು ಹತ್ತಿ ತೋರಿಸಬೇಕು.

"ನಾ ಹತ್ತತೇನ್ರಿ" ಅಂದೆ.

"ಸೀರಿ ಮ್ಯಾಲೆ ಪಟ್ಟಾ ನಿಲ್ಲೂದಿಲ್ರಿ ನೀಲವ್ವಾರ."

"ಕಚ್ಚಿ ಕಟ್ತೇನಿ."

"ಅರಿವಿ ಜಾರಿದ್ರ ಪಟ್ಟಾನೂ ಜಾರತೈತಿ. ಪ್ಯಾಂಟ ಇದ್ದವರು ಮುಂದ."

ಫಕೀರವ್ವ ನನ್ನ ಕಡೆ ನೋಡಿದಳು. ಆ ನೋಟಕ್ಕೆ ನಾನು ಒಂದು ಆಡು ಮಾರಿದೆ.

ಶುಕ್ರವಾರ ಬೆಳಗ್ಗೆ ಬೆಳ್ಳಟ್ಟಿಯ ತನಕ ನಡೆದು ಶಿರಹಟ್ಟಿ ಬಸ್ಸು ಹಿಡಿದೆವು. ಬಗಲಲ್ಲಿ ಚೀಲ, ಚೀಲದಲ್ಲಿ ತನ್ನ ಪ್ಯಾಂಟು ಇಟ್ಟುಕೊಂಡು ಫಕೀರವ್ವ ಕಿಟಕಿ ಹತ್ತಿರ ಕುಂತಳು. "ಮಾದರಿ ಇಲ್ದ ಏನ್ ತರ್ತೀ ಅಕ್ಕಾ? ನಿಂಗ ತಿಳಿಯೂದಿಲ್ಲ" ಅಂದಳು. ಪ್ಯಾಂಟನ್ನು ನನ್ನ ಕೈಗೆ ಕೊಟ್ಟು ಕಳಿಸಲು ಮಾತ್ರ ಒಪ್ಪಿರಲಿಲ್ಲ. ಶಿರಹಟ್ಟಿಯಲ್ಲಿ ಚಹಾ ಕುಡಿದು ಲಕ್ಷ್ಮೇಶ್ವರದ ಬಸ್ಸು ಹತ್ತಿದೆವು. ಮೆಣಸಿನಕಾಯಿ ಚೀಲ ಇಟ್ಟುಕೊಂಡಿದ್ದ ಅಡರಕಟ್ಟಿಯ ಹೆಂಗಸೊಬ್ಬಳು ಸರಿದು ಜಾಗ ಕೊಟ್ಟಳು.

"ಎಲ್ಲಿಗೆ ಹೊಂಟೀರಿ?"

"ಪ್ಯಾಂಟ ತರಾಕ" ಅಂದೆ.

"ಮೊಮ್ಮಗಗೇನ್ರಿ?"

"ನನಗ."

ಅಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಅಯ್ಯ, ನಿಮ್ಮ ಯಜಮಾನ್ರು ಏನೂ ಅನ್ನೂದಿಲ್ಲೇನ್ರಿ?"

"ಅಂವ ಫೋಟೋದಾಗ ಅದಾನ್ರಿ" ಅಂದಳು ಫಕೀರವ್ವ. "ಮಾಲಿ ಹಾಕಿದ್ರ ಸುಮ್ಮನಿರತಾನ."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಸತ್ತ ಗಂಡ ನನ್ನವನು. ಆ ಮಾತು ನನಗೆ ಮೊದಲು ಹೊಳೆಯಬೇಕಿತ್ತು. ಅದನ್ನೂ ಅಕಿಯೇ ಹೊಡೆದಳು.

ಲಕ್ಷ್ಮೇಶ್ವರದ ಪ್ಯಾಟಿಯಲ್ಲಿ ಖಾಜಾಸಾಬನ ಅರಿವೆ ಅಂಗಡಿ. ನನ್ನ ಮದುವೆ ಸೀರೆಯಿಂದ ಹಿಡಿದು ಎಲ್ಲಾ ಅಲ್ಲೇ ತಂದದ್ದು, ಅದಕ್ಕೇ ಮೊದಲು ಅಲ್ಲಿಗೆ ಹೋದೆ. "ಬರ್ರಿ ಅವ್ವಾರ, ಕುಂಡ್ರಿ" ಎಂದು ಗಾದಿ ಝಾಡಿಸಿ, ಒಂದು ಜೀನ್ಸ್ ಹರವಿದ. ನಾನು ಬೆಟಗೇರಿ ನೇಕಾರರ ಮಗಳು, ಅರಿವೆ ನನಗೆ ಹೇಳಿಕೊಡಬೇಕಿಲ್ಲ. ಕುಡಿಯಲು ಕೊಟ್ಟ ತಂಬಿಗೆಯ ನೀರನ್ನು ಅದರ ಮೂಲೆಗೆ ಹನಿಸಿದೆ. ಗಟಗಟ ಹೀರಿಕೊಂಡಿತು.

"ಖಾಜಾಸಾಬ, ಇಬ್ಬನ್ಯಾಗ ನಡದ್ರ ಇದು ಎಮ್ಮಿ ತೂಕ ಆಗತೈತಿ."

ಆತ ನಕ್ಕು ಮಳೆ ಪ್ಯಾಂಟು ತೆಗೆದ. ಸರಕ್ ಸರಕ್ ಸದ್ದು. ಅರಿವೆಗೆ ಬಾಯಿ ಹಚ್ಚಿ ಊದಿದೆ. ಉಸಿರು ತಿರುಗಿ ನನ್ನ ಮುಖಕ್ಕೇ ಬಂತು. ಗಾಳಿ ಒಳಗೆ ಬರುವುದಿಲ್ಲ ಖರೆ, ಬೆವರೂ ಹೊರಗೆ ಹೋಗುವುದಿಲ್ಲ. "ಇದರಾಗ ನನ್ನ ಕಾಲು ಕುದ್ದ ಗೆಣಸು ಆಗತಾವು" ಅಂದೆ.

ಆಗ ಫಕೀರವ್ವ ಚೀಲದಿಂದ ತನ್ನದನ್ನು ತೆಗೆದಳು. ಖಾಜಾಸಾಬ ಅಡ್ಡ ಎಳೆದ, ಉದ್ದ ಎಳೆದ, ಬೆಳಕಿಗೆ ಹಿಡಿದ. "ಇಂಥಾದ್ದು ನನ್ನ ಕೈಯಾಗ ಬಂದಿಲ್ಲವ್ವಾ. ಹೊರಗ ಬಿಗಿ ನೇಯ್ಗಿ, ಒಳಗ ಮೆತ್ತಗ. ಭಾಳ ಚಲೋ ಮಾಲು. ನೀವು ಗದಗಿಗೆ ಹೋಗ್ರಿ, ಸ್ಟೇಷನ್ ಕಡೆ ಆಟದ ಸಾಮಾನಿನ ಅಂಗಡ್ಯಾಗ ಕೇಳ್ರಿ."

"ಭಾಳ ಚಲೋ ಮಾಲಂತ ಅಕ್ಕಾ" ಎಂದು ಫಕೀರವ್ವ ಬಸ್‌ಸ್ಟ್ಯಾಂಡು ಮುಟ್ಟುವ ತನಕ ಅನ್ನುತ್ತಲೇ ಇದ್ದಳು.

ಗದಗ ಮುಟ್ಟಿದಾಗ ಹೊತ್ತು ಇಳಿದಿತ್ತು. ಮಿರ್ಚಿ, ಮಂಡಕ್ಕಿ ತಿಂದು ಅಂಗಡಿ ಹುಡುಕಿದೆವು. ಕೆಳಗೆ ಚೆಂಡು, ಬ್ಯಾಟು. ಮಹಡಿಯ ಮೇಲೆ ಬೂಟು, ಹಗ್ಗ, ಡೇರೆ. ಕನ್ನಡಕ ಹಾಕಿಕೊಂಡ ಯಜಮಾನಿ ನಮ್ಮನ್ನು ನೋಡಿ ನಗಲಿಲ್ಲ. ಅದಕ್ಕೇ ಅಕಿ ನನಗೆ ಸೇರಿದಳು. "ಇದಕ್ಕ ಸಾಫ್ಟ್‌ಶೆಲ್ ಅಂತಾರ್ರಿ. ಜೋರು ಮಳಿ ತಡಿಯೂದಿಲ್ಲ. ಗಾಳಿ, ತುಂತುರ ಹನಿ ತಡಿತೈತಿ, ಬೆವರು ಹೊರಗ ಬಿಡತೈತಿ" ಎಂದು ಮೂರು ಪ್ಯಾಂಟು ಹರವಿದಳು.

ಪರದೆಯ ಹಿಂದೆ ಹೋಗಿ ಮೊದಲನೆಯದನ್ನು ಹಾಕಿಕೊಂಡೆ, ಸೀರೆಯನ್ನು ಸೊಂಟಕ್ಕೆ ಸುತ್ತಿ ಹೊರಗೆ ಬಂದೆ. ನನಗೆ ಎರಡು ಕಾಲು ಬೇರೆ ಬೇರೆ ಇವೆ ಎಂಬುದು ಅವತ್ತು ತಿಳಿಯಿತು. ಕಳೆ ತೆಗೆಯುವಾಗ ಕೂಡುವ ಹಾಗೆ ಕುಕ್ಕರಗಾಲಲ್ಲಿ ಕುಂತೆ. ಮೊಳಕಾಲಿಗೆ ಹಿಡಿಯಲಿಲ್ಲ, ಹಿಂದೆ ಸೊಂಟ ಜಾರಲಿಲ್ಲ. ಸ್ಟೂಲಿನ ಮೇಲೆ ಒಂದು ಕಾಲಿಟ್ಟು ಮೇಲೆದ್ದೆ. ಸೊಂಟದ ಹತ್ತಿರ ಚಪ್ಪಟೆ, ಗುಂಡಿ ಒತ್ತುವುದಿಲ್ಲ, ಪಟ್ಟಾ ಕಟ್ಟಲು ಅನುಕೂಲ. ನೀರು ಹನಿಸಿದರೆ ಕೆಸವಿನ ಎಲೆಯ ಮೇಲಿನ ಹಾಗೆ ಉರುಳಿ ಬಿತ್ತು. ಎರಡನೆಯದರ ಕಾಲಿನ ಬಾಯಿ ಅಗಲ. ಸೀರೆಯಂತೆ ಅದೂ ಕಾಲ ಕೆಳಗೆ ಸಿಗುತ್ತದೆ ಎಂದು ತೆಗೆದಿಟ್ಟೆ. ಮೂರನೆಯದು ದಪ್ಪ. ಮೊಳಕಾಲಿಗೆ ಎರಡು ಪದರು, ಒಳಗೆ ಕುರಿಮರಿಯ ಮೈಯಂಥ ಉಣ್ಣೆಯ ಪದರು ಬೇರೆ ಹೊಲಿದಿತ್ತು.

"ನಮ್ಮ ಗುಡ್ಡಕ್ಕ ತೆಳ್ಳಂದು ಸಾಕ್ರಿ ಅವ್ವಾ" ಅಂದಳು ಯಜಮಾನಿ. "ದಪ್ಪಂದು ಹಿಮದಾಗ ಹೋಗೋರಿಗೆ. ಇಲ್ಲಿ ಹತ್ತುವಾಗ ಮೈ ತಾನ ಬಿಸಿ ಆಗತೈತಿ."

ಅಕಿ ಹೇಳಿದ್ದು ನನಗೂ ಸರಿ ಅನಿಸಿತ್ತು. ತೆಳ್ಳನೆಯದನ್ನು ಮಡಚಿಯೂ ಇಟ್ಟಿದ್ದೆ. ಅಷ್ಟರಲ್ಲಿ ಫಕೀರವ್ವ, "ಹೌದಕ್ಕಾ, ನಂದರಂಥದ್ದ ತಗೋ. ಇಬ್ಬರದೂ ಜೋಡಿ ಆಗತೈತಿ" ಅಂದಳು.

ಜೋಡಿ ಯಾರಿಗೆ ಬೇಕಿತ್ತು? ದಪ್ಪನೆಯದನ್ನು ಕಟ್ಟಿಸಿದೆ.

"ಬರೇ ನೀರಾಗ ತೊಳೀರಿ. ಪುಡಿ ಗಿಡಿ ಏನೂ ಹಾಕಬ್ಯಾಡ್ರಿ" ಎಂದು ಯಜಮಾನಿ ಮೆಟ್ಟಿಲ ತನಕ ಬಂದು ಹೇಳಿದಳು.

ಆ ರಾತ್ರಿ ಬೆಟಗೇರಿಯಲ್ಲಿ ನನ್ನ ತಮ್ಮನ ಮನೆಯಲ್ಲಿ ಉಳಿದೆವು. ಪುಂಡಿಪಲ್ಯ, ರೊಟ್ಟಿ, ಮೊಸರು. ಶನಿವಾರ ಬೆಳಗ್ಗೆ ಮಗ್ಗದ ಉದ್ದೆಳೆಗೆ ಹಚ್ಚಲು ತಮ್ಮನ ಹೆಂಡತಿ ಗೌರವ್ವ ಗಂಜಿ ಕುದಿಸಿಟ್ಟಿದ್ದಳು. ನಮ್ಮ ತವರಿನಲ್ಲಿ ಹೊಸ ಅರಿವೆಯನ್ನು ತಂದ ಹಾಗೇ ಮೈಗೆ ಹಾಕುವುದಿಲ್ಲ. ಗಂಜಿಯಲ್ಲಿ ಒಮ್ಮೆ ಅದ್ದಿ, ಝಾಡಿಸಿ, ಬಿಸಿಲಿಗೆ ಹಾಕಬೇಕು. ಗಂಜಿ ಕಾಣದ ಅರಿವೆ ನೇಕಾರರ ಕಣ್ಣಿಗೆ ಬರೇ ಚಿಂದಿ. ಪುಡಿ ಹಾಕಬೇಡ ಎಂದು ಅಂಗಡಿಯವಳು ಹೇಳಿದ್ದಳು, ಗಂಜಿಯ ಮಾತು ಎತ್ತಿರಲಿಲ್ಲ. ಅದ್ದಿದೆ. ಪ್ಯಾಂಟಿನ ಹೊರಮೈ ಗಂಜಿ ಕುಡಿಯಲೊಲ್ಲದು, ಹನಿ ಹನಿ ಉರುಳಿಸಿಬಿಟ್ಟಿತು. ನಾನೇನು ಬಿಡುವವಳಲ್ಲ. ತಿರುವಿ ಒಳಗಿನ ಉಣ್ಣೆಗೆ ತಿಕ್ಕಿ ತಿಕ್ಕಿ ಕುಡಿಸಿದೆ.

ಬಿಸಿಲಿಗೆ ನನ್ನ ಪ್ಯಾಂಟು ಸೆಟೆದು ನಿಂತಿತು. ಫಕೀರವ್ವ ಅದರ ಸುತ್ತ ಒಂದು ಸುತ್ತು ಹಾಕಿದಳು.

"ಅಕ್ಕಾ, ನಂದೂ ಹಾಕ್ಲೇನು?"

"ನಿನ್ನ ಹಳೇದಕ್ಕ ಯಾಕಲೇ?"

"ಹಳೇದಂತ! ಖಾಜಾಸಾಬ ಏನಂದ ಕೇಳಿಲ್ಲೇನ?" ಎಂದವಳೇ ಉಳಿದ ಗಂಜಿಗೆ ತನ್ನದನ್ನೂ ಮುಳುಗಿಸಿದಳು.

ಸಂಜೆಗೆ ಎರಡೂ ತಮ್ಮಷ್ಟಕ್ಕೆ ನಿಲ್ಲುವಂತಾದವು. "ಒಳಗ ಗಂಡಸರು ಅದಾರೇನೋ ಅನ್ನಸತೈತಿ, ಸೆರಗ ಹೊತ್ತುಕೊಳ್ಳಲೇನವ್ವಾ?" ಎಂದು ಗೌರವ್ವ ಗೋಡೆ ಹಿಡಿದು ನಕ್ಕಳು. ನನ್ನದು ಹೆಚ್ಚು ಸೆಟೆದಿತ್ತು. ಅವತ್ತು ನನಗೆ ಚಲೋ ನಿದ್ದೆ ಬಂತು.

ರವಿವಾರ ಮುಂಜಾನೆ ಪ್ಯಾಂಟು ಹಾಕಿಕೊಂಡೇ ಮುಂಡರಗಿಯ ಮೊದಲ ಬಸ್ಸು ಹತ್ತಿದೆವು. ಹತ್ತಿದೆವು ಅಂದರೆ, ಹಿಂದಿನವರು ನೂಕಿದರು. ಮೊಳಕಾಲು ಮಡಚಲೊಲ್ಲವು. ಅರ್ಧ ಬಸ್ಸು ಖಾಲಿ ಇತ್ತು.

"ಕುಂಡ್ರಿ ಅವ್ವಾ, ಸೀಟು ಅದಾವು" ಅಂದ ಕಂಡಕ್ಟರ್.

"ಗಾಳಿ ಚಲೋ ಐತಿ, ನಿಂತೇ ಬರ್ತೀನಿ" ಅಂದೆ.

"ನನಗೂ ನಿಂತ್ರ ಚಲೋ" ಅಂದಳು ಫಕೀರವ್ವ. ಗದಗದಿಂದ ಮುಂಡರಗಿಯ ತನಕ ಇಬ್ಬರೂ ಕಂಬಿ ಹಿಡಿದು ನಿಂತೆವು.

ಮುಂಡರಗಿಯಿಂದ ಸಂಘದ ಟೆಂಪೋ ಗುಡ್ಡದ ಬುಡಕ್ಕೆ ಒಯ್ದಿತು. ಆ ಕಡೆಯಿಂದ ಹತ್ತಿ ಈ ಕಡೆ ಇಳಿದರೆ ನಮ್ಮೂರು. ಗಾಳಿಯಂತ್ರಗಳ ರೆಕ್ಕೆ ಭರ್ ಎಂದು ತಿರುಗುತ್ತಿದ್ದವು, ಥಂಡಿ ಗಾಳಿ ಕಿವಿ ಕೊಯ್ಯುತ್ತಿತ್ತು. ಮೊದಮೊದಲು ನಾವು ಕೋಲುಗಾಲಲ್ಲಿ ನಡೆದ ಹಾಗೆ ನಡೆದೆವು. ಆಮೇಲೆ ಏರು ಬಂತು, ಬೆವರು ಬಂತು, ಗಂಜಿ ಕರಗಿತು. ತೊಡೆ, ಮೊಳಕಾಲು ಎಲ್ಲಾ ಲೊಳಲೊಳ. ನೊಣ ಬೆನ್ನು ಹತ್ತಿದವು. ಹಳ್ಳ ಕಂಡದ್ದೇ ಫಕೀರವ್ವ ನಿಂತಳು.

"ಅಕ್ಕಾ, ನನ್ನ ಕಾಲು ಅಂಬಲಿ ಆತು. ನಾ ಒಲ್ಲೆ."

ಪೊದೆಯ ಹಿಂದೆ ಹೋಗಿ, ಸೀರೆ ಸುತ್ತಿಕೊಂಡು, ಪ್ಯಾಂಟನ್ನು ಹಳ್ಳದಲ್ಲಿ ಅಲುಬಿ ಗಿಡಕ್ಕೆ ಹಾಕಿದಳು. ನಾನೂ ಹಾಗೇ ಮಾಡಿದೆ. ಎಲ್ಲರೂ ಅಲ್ಲೇ ಕುಂತು ರೊಟ್ಟಿ, ಶೇಂಗಾ ಚಟ್ನಿ ತಿಂದರು. ತಿಂದು ಕೈ ತೊಳೆಯುವಷ್ಟರಲ್ಲಿ ಆ ಗಾಳಿಗೆ ಅಕಿಯ ಪ್ಯಾಂಟು ಹಪ್ಪಳದಂತೆ ಒಣಗಿತ್ತು. ನನ್ನದು ಹೊರಗೆ ಒಣಗಿತ್ತು. ಒಳಗಿನ ಉಣ್ಣೆ ಮಾತ್ರ ತೊಯ್ದ ಕುರಿ, ಹಿಂಡಿದಷ್ಟೂ ನೀರು.

ರೇಖಾ ಮೇಡಂ ಒಳಗೆ ಕೈ ಹಾಕಿ ನೋಡಿದರು. "ನೀಲವ್ವಾರ, ಇದು ಇವತ್ತು ಒಣಗೂದಿಲ್ಲ. ಹಸೀದು ಹಾಕ್ಕೊಂಡು ಈ ಗಾಳ್ಯಾಗ ಹತ್ತಾಕ ನಾ ಬಿಡೂದಿಲ್ರಿ."

ಪಟ್ಟಾ ಫಕೀರವ್ವನ ಸೊಂಟಕ್ಕೆ ಹೋಯಿತು.

ಸಂಘದವನೊಬ್ಬ ಸುತ್ತು ದಾರಿಯಿಂದ ಹೋತನ ಕಲ್ಲಿನ ನೆತ್ತಿಗೆ ಹೋಗಿ ಹಗ್ಗ ಇಳಿಬಿಟ್ಟ. ಅಕಿ ಹತ್ತತೊಡಗಿದಳು. ನಾನು ಸೀರೆಯಲ್ಲಿ ಕೆಳಗೆ, ಹಸಿ ಪ್ಯಾಂಟನ್ನು ಹೆಗಲ ಮೇಲೆ ಹಾಕಿಕೊಂಡು ಕುಂತಿದ್ದೆ. ಕಾಲು ಜಾರಲಿ ಅಂತ ಕಾಯುತ್ತಿದ್ದೆ. ಅರ್ಧಕ್ಕೆ ಹೋದವಳು ನಿಂತಳು. ಕೈಯಿಂದ ಅತ್ತ ತಡವಿದಳು, ಇತ್ತ ತಡವಿದಳು.

"ಅಕ್ಕಾ! ಮುಂದ ಕೈ ಎಲ್ಲೆ ಇಡ್ಲಿ?"

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎಲೆಅಡಿಕೆ ಅಗಿಯುತ್ತಿದ್ದೆ. ಹಗ್ಗ ಇತ್ತು, ಬಿದ್ದು ಸಾಯುತ್ತಿರಲಿಲ್ಲ. ನಾನು ಸುಮ್ಮನಿದ್ದರೆ ಮುಖ ಸಣ್ಣದು ಮಾಡಿಕೊಂಡು ಇಳಿದು ಬರುತ್ತಿದ್ದಳು, ಅಷ್ಟೇ. ನನಗೂ ಅದೇ ಬೇಕಿತ್ತು. ಅಷ್ಟರಲ್ಲಿ ನನ್ನ ಹಿಂದೆ ನಿಂತಿದ್ದವನೊಬ್ಬ ಅಂದ: "ಅಲ್ಲಿ ದಾರೀನ ಇಲ್ಲ ಅನ್ನಸತೈತಿ."

ದಾರಿ ಇಲ್ಲವಂತೆ! ಎದ್ದು ನಿಂತೆ.

"ಎಡಕ್ಕಲೇ ಫಕೀರಿ! ಕಿವಿ ಇದ್ದಂಗ ಒಂದು ಕಲ್ಲು ಐತಿ. ಅದರ ಹಿಂದ ಬೆರಳು ಹಾಕು. ಅಲ್ಲ, ಎಡಕ್ಕ! ಉಣ್ಣೂ ಕೈ ಅಲ್ಲ!"

ಬೆರಳು ಸಿಕ್ಕವು. ಮುಂದಿನ ಕಾಲು, ಮುಂದಿನ ಕೈ ಎಲ್ಲಾ ನಾನೇ ಒದರಿ ಹೇಳಿದೆ. ಮೇಲೆ ಮುಟ್ಟಿ ಟಾವೆಲ್ ಬೀಸಿದಳು. ಚಪ್ಪಾಳೆ ಬಿತ್ತು. ಫೋಟೋ ತೆಗೆದರು. ಚಪ್ಪಾಳೆಯೆಲ್ಲ ಮೇಲಕ್ಕೇ ಹೋಯಿತು.

ಸಂಘದವರು ಬಂದ ದಾರಿಯಲ್ಲೇ ಮರಳಿದರು. ನಾವಿಬ್ಬರೂ ಈ ಕಡೆ ಇಳಿದು, ದೀಪ ಹಚ್ಚುವ ಹೊತ್ತಿಗೆ ಊರು ಸೇರಿದೆವು.

"ಅಕ್ಕಾ, ಮ್ಯಾಲಿಂದ ನಮ್ಮ ಮನಿ ಕಾಣತೈತಿ, ಗೊತ್ತೇನ?" ಅಂದಳು ಫಕೀರವ್ವ, ದಾರಿಯಲ್ಲಿ.

ನನಗೇ ಹೇಳುತ್ತಾಳೆ!

ಮರುದಿನ ಬೆಳಗ್ಗೆ ಕಟ್ಟೆಯ ಮೇಲೆ ಕುಂತು, ಬ್ಲೇಡು ಹಿಡಿದು ಪ್ಯಾಂಟಿನ ಒಳಪದರಿನ ಹೊಲಿಗೆಯನ್ನೆಲ್ಲ ಬಿಚ್ಚಿ ಉಣ್ಣೆಯನ್ನು ಕಿತ್ತು ತೆಗೆದೆ. ಅದನ್ನು ಆಡಿನ ಮರಿಗಳಿಗೆ ಹಾಸಿದೆ. ಉಳಿದದ್ದನ್ನು ಬರೇ ನೀರಲ್ಲಿ ಜಾಲಿಸಿ ಬೇಲಿಗೆ ಹಾಕಿದೆ. ರೊಟ್ಟಿ ಬಡಿದು ಏಳುವಷ್ಟರಲ್ಲಿ ಒಣಗಿತು. ಹಾಕಿಕೊಂಡೆ. ನನ್ನ ಆಡುಗಳನ್ನೆಲ್ಲ ಫಕೀರವ್ವನ ಅಂಗಳಕ್ಕೆ ಹೊಡೆದೆ.

"ಇವನ್ಯಾಕ ಇಲ್ಲಿ ತಂದಿ ಅಕ್ಕಾ? ಎಲ್ಲಿಗೆ ಹೊಂಟಿ?"

"ಮ್ಯಾಲಕ್ಕ."

"ಹಗ್ಗ?"

"ನಾ ದಾರಿ ಕಂಡಾಗ ಹಗ್ಗ ಎಲ್ಲಿತ್ತಲೇ?"

ಹೋದೆ. ಹೋತನ ಕಲ್ಲು ಹತ್ತಿದೆ. ಮೇಲೆ ಕುಂತು, ಕೆಳಗೆ ಅಕಿ ನನ್ನ ಆಡುಗಳ ಹಿಂದೆ ಓಡಾಡುವುದನ್ನು ಹೊತ್ತು ನೆತ್ತಿಗೆ ಬರುವ ತನಕ ನೋಡಿದೆ.